ಹೂವಮ್ಮಜ್ಜಿ ಹಾಡದ ನುಡಿ

ಆ ಹಾಡಿನ ಕೊನೆಯ ನುಡಿಯನ್ನು ಹೂವಮ್ಮಜ್ಜಿ ಹಾಡಲಿಲ್ಲ. ನಾನು ಹಾಡಿಸಿದೆ — ಅವರು ತೀರಿಕೊಂಡ ಮೇಲೆ, ಕಂಪ್ಯೂಟರಿನಲ್ಲಿ, ಅವರದೇ ದನಿಯಲ್ಲಿ.

ಇದನ್ನು ಮೊದಲೇ ಹೇಳಿಬಿಡಬೇಕು. ತಡ ಮಾಡಿದರೆ ನಾನು ಬೇರೇನೋ ಹೇಳತೊಡಗುತ್ತೇನೆ — ಈ ಸಂಗ್ರಹ ಶುರುವಾದದ್ದು ಹೇಗೆ, ಯಾವ ಯಾವ ಹಳ್ಳಿ ಸುತ್ತಿದೆ, ಯಾರೂ ಕಲಿಸದೆ ಏನೆಲ್ಲ ಕಲಿತೆ... ಆ ಕತೆಯನ್ನು ಬೇಕಾದಷ್ಟು ಕಡೆ ಹೇಳಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಇದನ್ನು ಮಾತ್ರ ಯಾವ ವೇದಿಕೆಯಲ್ಲೂ ಹೇಳಿಲ್ಲ.

ನಮ್ಮ ಜಾಲತಾಣದಲ್ಲಿ ಹೂವಮ್ಮಜ್ಜಿಯ ಹಸೆ ಹಾಡು ಕೇಳಿದವರು ನೀವಾಗಿದ್ದರೆ, ಇಳಿಸಿಕೊಂಡು ಮನೆಯವರಿಗೆ ಕಳಿಸಿದ್ದರೆ, ನಿಮ್ಮ ಪ್ರಬಂಧದಲ್ಲಿ ಅದನ್ನು ಆಧಾರವಾಗಿ ಕೊಟ್ಟಿದ್ದರೆ — ಇದು ನಿಮಗೆ. ನೀವು ಕೇಳಿದ್ದರಲ್ಲಿ ಹೆಚ್ಚಿನದು ನಿಜ. ಕೊನೆಯದು ಸುಳ್ಳು. ಮತ್ತು ನಿಮಗೆಲ್ಲ ಇಷ್ಟವಾದದ್ದು ಆ ಕೊನೆಯದೇ.

ನಾನು ಹೊಸನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ನಡೆಸುತ್ತೇನೆ. ಪಹಣಿ ತೆಗೆದುಕೊಡುವುದು, ಆಧಾರ್ ತಿದ್ದುಪಡಿಗೆ ಹೊತ್ತು ಗೊತ್ತು ಮಾಡಿಕೊಡುವುದು, ಪಿಂಚಣಿಯವರ ಹೆಬ್ಬೆಟ್ಟು ಒತ್ತಿಸುವುದು. ಓದಿದ್ದು ಬಿ.ಕಾಂ. ಸರ್ವರ್ ಡೌನ್ ಆದಾಗ ಗಿರಾಕಿಗಳು ಬೆಂಚಿನ ಮೇಲೆ ಕಾಯುತ್ತಾರೆ, ನಾನು ವಿಡಿಯೊ ನೋಡುತ್ತೇನೆ. ಹಾಗೆ ನೋಡುತ್ತ ನೋಡುತ್ತ ಡಿಜಿಟಲ್ ಹ್ಯುಮ್ಯಾನಿಟೀಸ್ ಅನ್ನುವ ಮಾತು ಕಿವಿಗೆ ಬಿತ್ತು. ಹಾಡು, ಕತೆ, ಹಳೆಯ ಕಾಗದ ಇವನ್ನೆಲ್ಲ ಕಂಪ್ಯೂಟರಿಗೆ ತಂದು, ಜೋಡಿಸಿ, ಹೋಲಿಸಿ ನೋಡುವ ವಿದ್ಯೆ ಅಂತ ಅರ್ಥಮಾಡಿಕೊಂಡೆ. ಮೈಯೆಲ್ಲ ಉತ್ಸಾಹ. ಒಂದು ನಕ್ಷೆ ಇದೆ ಅಂದುಕೊಳ್ಳಿ. ಸಾಗರದ ಮೇಲೆ ಒತ್ತಿದರೆ ಅಲ್ಲಿನ ಹೆಂಗಸರು ಹಾಡುವ ಹಸೆ ಹಾಡು, ತೀರ್ಥಹಳ್ಳಿಯ ಮೇಲೆ ಒತ್ತಿದರೆ ಅದೇ ಹಾಡು ಬೇರೆ ಧಾಟಿಯಲ್ಲಿ. ಯಾವ ಪದ ಎಲ್ಲಿ ಬದಲಾಯಿತು, ಯಾವ ಸಾಲು ಯಾವ ಹೊಳೆ ದಾಟಲಿಲ್ಲ — ಕಣ್ಣಿಗೆ ಕಾಣುತ್ತದೆ! ಬೆಂಚಿನ ಮೇಲೆ ಕೂತವರಿಗೂ ಇದನ್ನೆಲ್ಲ ವಿವರಿಸುತ್ತಿದ್ದೆ. ಅವರು "ಅದಿರ್ಲಿ, ಸರ್ವರ್ ಬಂತಾ ನೋಡು" ಅನ್ನುತ್ತಿದ್ದರು.

ಹೂವಮ್ಮಜ್ಜಿಯ ಮನೆ ಸಾಗರದಿಂದ ಒಳಗೆ, ಬಸ್ಸಿಳಿದು ನಡೆಯುವಷ್ಟು ದೂರದಲ್ಲಿ. ಹಸೆ ಅಂದರೆ ಮದುವೆ ಮನೆಯಲ್ಲಿ ಕೆಮ್ಮಣ್ಣು ಸಾರಿಸಿದ ನೆಲದ ಮೇಲೆ ಅಕ್ಕಿಹಿಟ್ಟಿನ ಗೆರೆಯೆಳೆದು ಮದುಮಕ್ಕಳನ್ನು ಕೂರಿಸುವ ಜಾಗ. ಆ ಗೆರೆ ಬರೆಯುವುದಕ್ಕೂ, ಹಾಡು ಹೇಳುವುದಕ್ಕೂ ಆ ಸುತ್ತಿನಲ್ಲಿ ಅವರನ್ನೇ ಕರೆಯುತ್ತಿದ್ದರಂತೆ. ನಾನು ಹೋದಾಗ ಜಗಲಿಯಲ್ಲಿ ಅಂಟುವಾಳಕಾಯಿ ಬಿಡಿಸುತ್ತ ಕೂತಿದ್ದರು. ಫೋನನ್ನು ಮೊರದ ಅಂಚಿಗೆ ಒರಗಿಸಿಟ್ಟೆ. ಅವರು ಅದನ್ನೇ ನೋಡಿದರು.

"ಇದು ಕೇಳ್ತದಾ?"

"ಕೇಳ್ತದೆ ಅಜ್ಜಿ."

"ಹೂಂ ಅನ್ನಲ್ಲ, ಹಾಂ ಅನ್ನಲ್ಲ. ಹೂಂಗುಟ್ಟದೋರಿಗೆ ಹಾಡೋದು ಹೆಂಗೆ ಮಾರಾಯ್ತಿ? ನೀನಾದ್ರೂ ಹೂಂ ಅನ್ನು."

ಅಂದದ್ದೇ ಹಾಡತೊಡಗಿದರು. ಮದುಮಗಳನ್ನು ಕರೆಯುವ ನುಡಿ, ಕಾಲು ತೊಳೆಯುವ ನುಡಿ, ಹಸೆಗೆ ಕೂರಿಸುವ ನುಡಿ, ಆರತಿಯ ನುಡಿ. ಒಣಗಿದ ದನಿ, ಆದರೆ ಎಲ್ಲೂ ತಡವರಿಸದ ದನಿ. ಆರತಿಯ ನುಡಿ ಮುಗಿಸಿ ಮತ್ತೆ ಅಂಟುವಾಳಕ್ಕೆ ಕೈ ಹಾಕಿದರು.

"ಮುಂದಿನದು ಅಜ್ಜಿ?"

"ಮುಂದಿಂದು ಏಳ್ಸೋ ನುಡಿ. ಕೂತೋರೇ ಇಲ್ಲ, ಯಾರನ್ನ ಏಳ್ಸ್ಲಿ?"

"ಸುಮ್ನೆ ರೆಕಾರ್ಡಿಗೆ, ಒಂದೇ ಸಲ..."

"ಸುಮ್ನೆ ಹಾಡೋದಲ್ಲ ಮಗಾ ಅದು. ಹುಡುಗಿ ಹೆಸರು ಹಿಡಿದು ಹಾಡ್ಬೇಕು. ಹಸೆ ಮೇಲೆ ಹುಡುಗಿ ಇರ್ಬೇಕು. ನೀನೊಂದು ಗಂಡು ಹುಡುಕ್ಕೊಂಡು ಬಾ. ಹಸೆ ನಾನೇ ಬರೀತೀನಿ. ಕೂರ್ಸ್ತೀನಿ, ಏಳ್ಸ್ತೀನಿ, ಬೇಕಾರೆ ಬಸ್ಸೂ ಹತ್ತಿಸ್ತೀನಿ."

ನಾನು ನಕ್ಕೆ. ಅವರೂ ನಕ್ಕರು. ಆ ನಗುವಿನ ಸಲಿಗೆಯಲ್ಲೇ ಕೇಳಿದೆ — ನಿಮ್ಮ ಮಗಳ ಮದುವೇಲಿ ಹಾಡಿದ್ರಾ?

ಅವರ ಮಗಳು ತಾನೇ ಮೆಚ್ಚಿದವನನ್ನು, ಬೇರೆ ಜಾತಿಯವನನ್ನು, ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾಗಿ ತೀರ್ಥಹಳ್ಳಿಗೆ ಹೋದವಳು ಅನ್ನುವುದು ನನಗೆ ಗೊತ್ತಿರಲಿಲ್ಲ. ಆಮೇಲೆ ಆ ಮನೆಯ ಬಾಗಿಲಿಗೆ ಅವಳು ಬರಲೇ ಇಲ್ಲ ಅನ್ನುವುದೂ.

ಅಜ್ಜಿಯ ಕೈ ಮೊರದಲ್ಲೇ ನಿಂತಿತು. "ಸುಮಿತ್ರನ್ನ ನಾನು ಹಸೆ ಮೇಲೆ ಕೂರ್ಸಿಲ್ಲ" ಅಂದರು. "ಕೂರ್ಸದೋಳು ಏಳ್ಸೋದು ಹೆಂಗೆ?"

ಅದು ಸಿಟ್ಟೋ, ಸಂಕಟವೋ... ಇವತ್ತಿಗೂ ಹೇಳಲಾರೆ. ಹಿತ್ತಲಲ್ಲಿ ಹುಂಜ ಕೂಗಿತು. "ಚಾ ಕುಡೀತ್ಯಾ?" ಅಂತ ಎದ್ದರು. ಇಷ್ಟೂ ನನ್ನ ಫೋನಿನಲ್ಲಿ ದಾಖಲಾಗಿತ್ತು.

ಅಂಗಡಿಗೆ ಬಂದು ಹಾಡನ್ನು ಶುಚಿ ಮಾಡಿದೆ. ವಿಡಿಯೊ ಪಾಠಗಳಲ್ಲಿ ಹಾಗೇ ಹೇಳಿಕೊಟ್ಟಿದ್ದರು — ಗದ್ದಲ ತೆಗೆಯಿರಿ, ಬೇಡದ್ದನ್ನು ಕತ್ತರಿಸಿ. ಹುಂಜ ತೆಗೆದೆ. ದೂರದ ಬೈಕು ತೆಗೆದೆ. ಅಜ್ಜಿಯ ಮಾತು ಪೂರ್ತಿ ತೆಗೆದೆ. ಅದು ಹಾಡಲ್ಲವಲ್ಲ. ಉಳಿದದ್ದನ್ನು ಜಾಲತಾಣಕ್ಕೆ ಏರಿಸಿದೆ. ಪ್ರತಿ ಹಾಡಿನ ಮುಂದೆ 'ಪೂರ್ಣ' ಅಥವಾ 'ಅಪೂರ್ಣ' ಅಂತ ತೋರಿಸುವ ಒಂದು ಜಾಗವನ್ನು ನಾನೇ ಮಾಡಿಟ್ಟಿದ್ದೆ. ಅಪೂರ್ಣವಾದರೆ ಕೆಂಪು ಬಣ್ಣ. ಆ ಬಣ್ಣವನ್ನು ಆರಿಸಿದ್ದೂ ನಾನೇ. ಆಮೇಲೆ ಅದನ್ನು ನೋಡಿದಾಗಲೆಲ್ಲ ಚುಚ್ಚುತ್ತಿತ್ತು.

ಆ ಮಳೆಗಾಲದಲ್ಲಿ ಹೂವಮ್ಮಜ್ಜಿ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ಬಂತು. ನನಗೆ ಮೊದಲು ಅನ್ನಿಸಿದ್ದು ಏನು ಅಂತ ಬರೆಯಲೇಬೇಕು — ಅಯ್ಯೋ ಅಜ್ಜಿ ಅಂತಲ್ಲ. ಅಯ್ಯೋ, ಕೊನೆಯ ನುಡಿ ಹೋಯಿತು ಅಂತ.

ಅದೇ ಹೊತ್ತಿಗೆ ಸಾಗರದ ಒಂದು ಕಾಲೇಜಿನಿಂದ ಕರೆ ಬಂತು. ಕಾರ್ಯಾಗಾರವಿದೆ, ನಿಮ್ಮ ಸಂಗ್ರಹದ ಬಗ್ಗೆ ಮಾತಾಡಿ ಅಂತ. ಉಳಿದವರೆಲ್ಲ ಪಿಎಚ್‌ಡಿ ಮಾಡಿದವರು. ನಾನು ಝೆರಾಕ್ಸ್ ಅಂಗಡಿಯವಳು. ಪೂರ್ಣವಾದ ಒಂದೇ ಒಂದು ಹಸೆ ಹಾಡಾದರೂ ನನ್ನ ಹತ್ತಿರ ಇರಬೇಕು ಅನ್ನಿಸಿತು.

ಒಂದು ಭಾನುವಾರ ಮಧ್ಯಾಹ್ನ ಅಂಗಡಿಯ ಷಟರ್ ಅರ್ಧಕ್ಕೆ ಎಳೆದು ಕೂತೆ. ಒಬ್ಬರ ದನಿ ಕೊಟ್ಟರೆ ಅದೇ ದನಿಯಲ್ಲಿ ಬೇರೆ ಮಾತು ಆಡಿಸುವ ತಂತ್ರಾಂಶ ಪುಕ್ಕಟೆಯಾಗಿ ಸಿಗುತ್ತಿತ್ತು. ಅಜ್ಜಿಯ ಪೂರ್ತಿ ರೆಕಾರ್ಡಿಂಗ್ ಅದಕ್ಕೆ ಕೊಟ್ಟೆ. ಬೇರೆ ಹಳ್ಳಿಗಳಲ್ಲಿ ಏಳಿಸುವ ನುಡಿ ಹೀಗಿರುತ್ತದೆ ಅಂತ ಯಾರೋ ಬಾಯಲ್ಲಿ ಹೇಳಿದ್ದ ತುಣುಕುಗಳನ್ನು ಜೋಡಿಸಿದೆ. ಹುಡುಗಿಯ ಹೆಸರು ಬೇಕಿತ್ತು. ಯಾವ ಹೆಸರು ಹಾಕಿದರೂ ದನಿ ಒಡೆಯುತ್ತಿತ್ತು, ಯಂತ್ರ ಓದಿದ ಹಾಗೆ ಕೇಳುತ್ತಿತ್ತು. ಒಂದೇ ಒಂದು ಹೆಸರು ಸಲೀಸಾಗಿ ಬಂತು — ಅಜ್ಜಿ ಸ್ವತಃ ಬಾಯಿಬಿಟ್ಟು ಹೇಳಿದ್ದ ಹೆಸರು. ಸುಮಿತ್ರ. ಅದನ್ನೇ ಇಟ್ಟೆ. ಕೊನೆಗೊಂದು ಸಾಲು ಕಡಿಮೆ ಬಿತ್ತು. ಅದನ್ನು ನಾನೇ ಕಟ್ಟಿದೆ.

ಏಳು ಏಳೇ ಮಗಳೆ ಸುಮಿತ್ರ
ಹಸೆಯ ಬಿಟ್ಟು ಏಳೇ,
ತಾಯಿ ಮನೆಯ ಬಾಗಿಲು ನಿನಗೆ
ತೆರೆದೇ ಇರುತಾದೆ.

ಮುಗಿಸಿ ಕೇಳಿದಾಗ ಮೈ ಜುಮ್ಮೆಂದಿತು. ಅದು ಭಯವಾಗಿರಬೇಕಿತ್ತು. ನಾನು ಅದನ್ನು ಖುಷಿ ಅಂದುಕೊಂಡೆ. ಕೆಂಪು ಹೋಗಿ ಹಸಿರು ಬಂತು — 'ಪೂರ್ಣ'. ಆಮೇಲೆ ಮೂಲ ರೆಕಾರ್ಡಿಂಗ್ ಅಳಿಸಿಹಾಕಿದೆ. ಫೋನಿನಲ್ಲಿ ಜಾಗ ಇರಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಜಾಗ ಇತ್ತು.

ಕಾರ್ಯಾಗಾರದಲ್ಲಿ ಹಾಡು ಹಾಕಿದೆ. ಹಿರಿಯ ಉಪನ್ಯಾಸಕರೊಬ್ಬರು ಎದ್ದು ಕೇಳಿದರು, "ಏಳಿಸೋ ನುಡಿ ಮದುವೆ ಮನೆ ಹೊರಗೆ ಯಾರೂ ಹಾಡಲ್ಲಮ್ಮ. ನಿಮಗೆ ಹೇಗೆ ಹಾಡಿದ್ರು?"

ಅಲ್ಲಿ ಬಾಗಿಲಿತ್ತು. ಸುಳ್ಳಿನಿಂದ ಅಲ್ಲೇ ಹೊರಗೆ ಬರಬಹುದಿತ್ತು. ನಾನು ಅಂದೆ: "ನನ್ನ ಮೇಲೆ ವಿಶ್ವಾಸ ಇತ್ತು ಸರ್. ಹಾಡಿದ್ರು."

ಆಮೇಲೆ ಹಾಡು ನನ್ನ ಕೈಮೀರಿ ಹೋಯಿತು. ವಾಟ್ಸಾಪಿನಲ್ಲಿ ಓಡಾಡಿತು. ಒಬ್ಬ ವಿದ್ಯಾರ್ಥಿನಿ ತನ್ನ ಪ್ರಬಂಧದಲ್ಲಿ ಆ ತೆರೆದ ಬಾಗಿಲಿನ ಬಗ್ಗೆ ಒಂದು ಪುಟ ಬರೆದಳು. ಮಲೆನಾಡಿನ ತಾಯಂದಿರ ಮನಸ್ಸು ಅದು ಅಂತ. ನಾನು ಓದಿ ಸುಮ್ಮನಿದ್ದೆ. ಅದು ಯಾರ ಮನಸ್ಸೂ ಅಲ್ಲ. ಸಾಲು ತುಂಬಿಸಲು ಬರೆದದ್ದು.

ಒಂದು ಬೆಳಿಗ್ಗೆ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಅಂಗಡಿಗೆ ಬಂದರು. ತೀರ್ಥಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟು ಬಂದವರು. ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಕಡುಬು. ಪಹಣಿಗೆ ಬಂದವರು ಅಂದುಕೊಂಡು ಸರ್ವೆ ನಂಬರ್ ಕೇಳಿದೆ.

"ನಂಬರ್ ಎಲ್ಲ ಇಲ್ಲ ತಂಗಿ. ನಾನು ಸುಮಿತ್ರ."

ನಾನು ಕೀಲಿಮಣೆಯಿಂದ ಕೈ ತೆಗೆದೆ.

ಅವರು ಬೆಂಚಿನ ಮೇಲೆ ಕೂತರು. ತೀರ್ಥಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಯಾರದೋ ಫೋನಿನಲ್ಲಿ ಈ ಹಾಡು ಕೇಳಿ, ಹೊಲಿಗೆ ಮಿಷನ್ನಿನ ಮೇಲೇ ತಲೆಯಿಟ್ಟು ಅತ್ತರಂತೆ. ತಾಯಿ ಸತ್ತಾಗ ಮಣ್ಣಿಗೆ ಹೋಗಲು ಧೈರ್ಯ ಸಾಲದೆ ಊರ ರಸ್ತೆಯಲ್ಲೇ ನಿಂತು ವಾಪಸ್ಸಾದವರು, ಹಾಡು ಕೇಳಿದ ಮೇಲೆ ಅದೇ ತಾಯಿ ಮನೆಗೆ, ಈಗ ಅಣ್ಣ ಇರುವಲ್ಲಿಗೆ, ಹೋದರಂತೆ.

"ಬಾಗಿಲಲ್ಲಿ ನಿಂತು ಫೋನ್ ಹಾಕ್ದೆ ತಂಗಿ. ಅವ್ವನೇ ಬಾ ಅಂದಾಳೆ, ಕೇಳು ಅಂದೆ. ಅಣ್ಣ ಪೂರ್ತಿ ಕೇಳ್ದ. ಏನೂ ಅನ್ಲಿಲ್ಲ. ಬಾಗಿಲಿಂದ ಪಕ್ಕಕ್ಕೆ ಸರಿದ. ಅಷ್ಟೇ. ನಂಗೆ ಅಷ್ಟೇ ಬೇಕಿತ್ತು."

ಆಮೇಲೆ ಸ್ವಲ್ಪ ಬಾಗಿ, ಅಂಗಡಿಯಲ್ಲಿ ಬೇರೆಯವರಿಗೆ ಕೇಳಿಸದ ಹಾಗೆ ಕೇಳಿದರು: "ಇದನ್ನ ಹಾಡ್ವಾಗ ಅವ್ವ ಅಳ್ತಿದ್ಲಾ?"

ಮೊದಲ ತಪ್ಪಿಗೆ ಏನಾದರೊಂದು ಹೆಸರು ಕೊಡಬಹುದೇನೋ — ಹುಮ್ಮಸ್ಸು, ಅವಿವೇಕ, ಏನೋ ಒಂದು. ಇದಕ್ಕೆ ಹೆಸರಿಲ್ಲ. ಅವರ ಮುಖ ನೋಡಿಕೊಂಡೇ ಹೇಳಿದೆ:

"ಇಲ್ಲ ಅಕ್ಕ. ನಗ್ತಾ ಇದ್ರು."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಕಡುಬಿನ ಪೊಟ್ಟಣ ನನ್ನ ಕಡೆ ತಳ್ಳಿದರು. ಹೊರಡುವಾಗ ಅವರ ಫೋನ್ ಬಡಿದುಕೊಂಡಿತು. ಏಳು ಏಳೇ ಮಗಳೆ ಸುಮಿತ್ರ... ರಿಂಗ್‌ಟೋನ್ ಮಾಡಿಕೊಂಡಿದ್ದರು. "ಯಾರೇ ಫೋನ್ ಮಾಡ್ಲಿ, ಮೊದ್ಲು ಅವ್ವ ಕರೀತಾಳೆ" ಅಂತ ನಕ್ಕು ಬಸ್ಸಿಗೆ ಓಡಿದರು.

ಕಡುಬು ತಿಂದೆ. ತಿನ್ನದೆ ಇದ್ದೆ ಅಂತ ಬರೆದರೆ ಚೆನ್ನಾಗಿ ಕಾಣುತ್ತಿತ್ತು. ತಿಂದೆ.

ಅಂದಿನಿಂದ ಆ ದನಿ ನನ್ನನ್ನು ಬಿಟ್ಟಿಲ್ಲ. ನೆನಪಿಸಿಕೊಳ್ಳಲು ಹೋದರೆ ಅಜ್ಜಿಯ ನಿಜವಾದ ದನಿ ಬರುವುದಿಲ್ಲ, ನಾನು ಮಾಡಿದ ದನಿ ಬರುತ್ತದೆ. ಜಗಲಿಯಲ್ಲಿ ಕೂತು "ಚಾ ಕುಡೀತ್ಯಾ?" ಅಂದದ್ದು ನೆನಪಾದರೂ ಅದು ಯಂತ್ರ ಹೇಳಿದ ಹಾಗೆ, ಉಸಿರೇ ಇಲ್ಲದ ಹಾಗೆ. ಸತ್ತವರು ಬಂದು ಕಾಡುತ್ತಾರೆ ಅನ್ನುತ್ತಾರೆ. ಹೂವಮ್ಮಜ್ಜಿ ಬರುವುದಿಲ್ಲ. ಅವರು ಬರುವ ದಾರಿಯಲ್ಲಿ ನಾನು ಇನ್ನೊಬ್ಬರನ್ನು ನಿಲ್ಲಿಸಿಬಿಟ್ಟಿದ್ದೇನೆ.

ಆದರೂ ಸುಮ್ಮನೇ ಇದ್ದೆ. ಹೇಳಿದರೆ ಆ ಮನೆಯ ಬಾಗಿಲು ಮತ್ತೆ ಮುಚ್ಚುತ್ತದೆ, ಅವರ ಒಳ್ಳೆಯದಕ್ಕೇ ಸುಮ್ಮನಿದ್ದೇನೆ ಅಂದುಕೊಳ್ಳುವುದು ಸುಲಭವಾಗಿತ್ತು.

ಹೋದ ಬೇಸಿಗೆಯಲ್ಲಿ ಹೊಸನಗರದಲ್ಲೇ ಒಂದು ಮದುವೆಗೆ ಹೋದೆ. ಹುಡುಗಿಯ ಹೆಸರು ಕಾವ್ಯ. ಹಸೆಯ ಮೇಲೆ ಕೂರಿಸಿ, ಆರತಿ ಆದ ಮೇಲೆ ಅವಳ ಗೆಳತಿಯರು ಫೋನ್ ಹಿಡಿದು ಸಾಲಾಗಿ ನಿಂತು ಹಾಡಿದರು. ಏಳು ಏಳೇ ಮಗಳೆ ಸುಮಿತ್ರ...

ಗೋಡೆಗೆ ಒರಗಿ ಕೂತಿದ್ದ ಅಜ್ಜಿಯೊಬ್ಬರು ಕೈ ಎತ್ತಿ ನಿಲ್ಲಿಸಿದರು. "ಏ ಹುಡ್ಗೀರಾ, ಸುಮಿತ್ರ ಯಾರ್ರೇ?"

ಒಬ್ಬಳು ಫೋನ್ ತೋರಿಸಿದಳು. "ಅಜ್ಜಿ, ಆನ್‌ಲೈನಲ್ಲಿ ಹಂಗೇ ಐತೆ."

"ಕೂತಿರೋಳು ಕಾವ್ಯ ಅಲ್ವೇನೆ? ಸುಮಿತ್ರನ್ನ ಏಳ್ಸಿದ್ರೆ ಇವಳು ಏಳೋದು ಹೆಂಗೆ? ಇಲ್ಲೇ ಕೂತಿರ್ಲಾ ಹಂಗಾರೆ?"

ಎಲ್ಲರೂ ಗೊಳ್ಳೆಂದು ನಕ್ಕರು. ಮದುಮಗಳೂ ನಕ್ಕಳು. ನನಗೆ ಮಾತ್ರ ಆ ಹಸೆಯ ಮೇಲೆ ಇನ್ನೊಬ್ಬಳು ಕೂತ ಹಾಗೆ ಕಂಡಿತು. ತಾಯಿ ಕೂರಿಸದೆ ಹೋದವಳು. ನಾನು ಸುಳ್ಳೇ ಕೂರಿಸಿ ಸುಳ್ಳೇ ಎಬ್ಬಿಸಿದವಳು. ಇನ್ನು ಮುಂದೆ ಎಷ್ಟು ಮದುವೆಗಳಲ್ಲಿ ಅವಳನ್ನು ಹೀಗೆ ಎಬ್ಬಿಸುತ್ತಾರೋ... ಊಟಕ್ಕೆ ನಿಲ್ಲದೆ ಹೊರಟುಬಂದೆ.

ಮಾರನೆಯ ದಿನ ತೀರ್ಥಹಳ್ಳಿಗೆ ಹೋದೆ. ಸುಮಿತ್ರಕ್ಕ ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದರು. "ಓ, ಹೊಸನಗರದೋಳು ಬಂದ್ಲಪ್ಪ! ಕೂರು, ಕೂರು" ಅಂತ ಸ್ಟೂಲ್ ಎಳೆದರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಯಂತ್ರ, ಹೆಸರು, ಬಾಗಿಲಿನ ಸಾಲು. ನಗುತ್ತಿದ್ದರು ಅಂದದ್ದೂ ಸುಳ್ಳು ಅಂತ. ಮಿಷನ್ನಿನ ಚಕ್ರ ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

"ಅವ್ವ ಹಾಡಿದ್ದು ಎಲ್ಲಿಗಂಟ?" ಅಂತ ಕೇಳಿದರು.

ನನ್ನ ಫೋನಿನಲ್ಲಿ ಕತ್ತರಿಸಿದ ಮೊದಲ ಪ್ರತಿ ಇತ್ತು. ಹಾಕಿದೆ. ಆರತಿಯ ನುಡಿ ಮುಗಿಯಿತು. ಅವರು ಕಾದರು. ಏನೂ ಬರಲಿಲ್ಲ.

"ಇಷ್ಟೇನಾ?"

"ಇಷ್ಟೇ ಅಕ್ಕ."

"ಹಂಗಾರೆ ಅವ್ವ ನಂಗೆ ಹಾಡ್ಲಿಲ್ಲ."

ನಾನು ಅಜ್ಜಿಯ ಆ ಮಾತು ಹೇಳಿದೆ — ಸುಮಿತ್ರನ್ನ ನಾನು ಹಸೆ ಮೇಲೆ ಕೂರ್ಸಿಲ್ಲ, ಕೂರ್ಸದೋಳು ಏಳ್ಸೋದು ಹೆಂಗೆ? ಕೈ ನಿಂತದ್ದು, ಹುಂಜ ಕೂಗಿದ್ದು, ಎಲ್ಲ. ಸುಮಿತ್ರಕ್ಕ ನನ್ನನ್ನೇ ನೋಡುತ್ತಿದ್ದರು.

"ಇದನ್ನಾದ್ರೂ ಅವ್ವ ಹೇಳಿದ್ಲು ಅಂತ ನಾನು ಹೆಂಗೆ ನಂಬ್ಲಿ? ಹಾಕು, ಕೇಳ್ತೀನಿ."

"ಅಳಿಸ್ಬಿಟ್ಟೆ ಅಕ್ಕ."

ಅವರು ತಲೆಯಾಡಿಸಿದರು, ಅಷ್ಟೇ. ಬಯ್ಯಲಿಲ್ಲ. ಬಯ್ದಿದ್ದರೆ... ಅವರ ತಾಯಿ ಅವರ ಬಗ್ಗೆ ನಿಜವಾಗಿ ಆಡಿದ ಮಾತು ಈ ಭೂಮಿಯ ಮೇಲೆ ಒಂದೇ ಕಡೆ ಉಳಿದಿದೆ — ಸುಳ್ಳು ಹೇಳಿದ ನನ್ನ ತಲೆಯಲ್ಲಿ. ಇದಕ್ಕಿಂತ ಕೆಟ್ಟ ಸಂಗ್ರಹ ಇನ್ನಿದೆಯೇ?

ಇದನ್ನು ಎಲ್ಲರಿಗೂ ಬರೆದು ತಿಳಿಸುತ್ತೇನೆ, ನೀವು ಬೇಡ ಅಂದರೆ ಹೆಸರು ಬಿಡುತ್ತೇನೆ ಅಂದೆ.

"ಹೆಸರು ಬಿಟ್ಟೇನು ಮಾಡ್ತೀಯಾ? ಊರೆಲ್ಲ ಹಾಡ್ತಾ ಐತೆ" ಅಂದರು. "ಬರಿ. ಅಣ್ಣಂಗೆ ಮಾತ್ರ ನಾನೇ ಹೇಳ್ತೀನಿ. ನಿನ್ನ ಬಾಯಿಂದ ಹೇಳ್ಸಲ್ಲ."

ಆಗ ಮೇಜಿನ ಮೇಲಿದ್ದ ಅವರ ಫೋನ್ ಬಡಿದುಕೊಂಡಿತು. ಏಳು ಏಳೇ ಮಗಳೆ ಸುಮಿತ್ರ, ಹಸೆಯ ಬಿಟ್ಟು ಏಳೇ... ಅವರು ಎತ್ತಿಕೊಳ್ಳಲಿಲ್ಲ. ನಾನು ಅಲುಗಲಿಲ್ಲ. ಕತ್ತರಿ, ದಾರದ ಉಂಡೆ, ಅರ್ಧ ಹೊಲಿದ ತೋಳು — ಅದರ ನಡುವೆ ಆ ದನಿ ಪೂರ್ತಿ ಹಾಡಿತು. ಕರೆ ನಿಲ್ಲುವವರೆಗೂ ಇಬ್ಬರೂ ಕೇಳಿದೆವು.

ಈಗ ಜಾಲತಾಣದಲ್ಲಿ ಹಾಡು ಅಜ್ಜಿ ನಿಲ್ಲಿಸಿದ ಕಡೆಯೇ ನಿಲ್ಲುತ್ತದೆ. ಮುಂದೆ 'ಅಪೂರ್ಣ' ಅಂತ ಇದೆ, ಕೆಂಪಿನಲ್ಲೇ. ಅದರ ಕೆಳಗೆ ನಾನು ಮಾಡಿದ್ದನ್ನು ನನ್ನ ಹೆಸರಿನೊಂದಿಗೆ ಬರೆದಿದ್ದೇನೆ. ಕಾಲೇಜಿನ ಆ ಉಪನ್ಯಾಸಕರಿಗೂ, ಪ್ರಬಂಧ ಬರೆದ ಹುಡುಗಿಗೂ ತಿಳಿಸಿದ್ದೇನೆ. ನಿಮ್ಮ ಫೋನಿನಲ್ಲಿ ಹಳೆಯದು ಇದ್ದರೆ ಅದನ್ನು ನಾನು ಬಂದು ಅಳಿಸಲಾರೆ. ನಿಮ್ಮ ಮನೆಯ ಮದುವೆಯಲ್ಲಿ ಅದನ್ನು ಹಾಡಬೇಡಿ ಅಂತ ಕೇಳಿಕೊಳ್ಳಬಲ್ಲೆ. ನಿಮ್ಮೂರಿನಲ್ಲಿ ಆ ನುಡಿ ಗೊತ್ತಿರುವ ಹಿರಿಯರು ಇದ್ದರೆ ಅವರನ್ನು ಕರೆಯಿರಿ. ಇಲ್ಲದಿದ್ದರೆ ಹುಡುಗಿ ಸುಮ್ಮನೆ ಏಳಲಿ.

ಸುಮಿತ್ರಕ್ಕ ಅಣ್ಣನಿಗೆ ಹೇಳಿದರೋ, ಆ ಮನೆಯ ಬಾಗಿಲು ಏನಾಯಿತೋ ನನಗೆ ಗೊತ್ತಿಲ್ಲ. ರಿಂಗ್‌ಟೋನ್ ಬದಲಿಸಿದರೋ ಇಲ್ಲವೋ, ಅದೂ ಗೊತ್ತಿಲ್ಲ. ಫೋನ್ ಮಾಡಿ ಕೇಳಬಹುದು. ನಂಬರ್ ಇದೆ. ಆದರೆ ಇಲ್ಲಿಂದ ಕರೆ ಮಾಡಿದರೆ ನನಗೆ ಕೇಳುವುದು ಬರೀ ಟ್ರಿಣ್ ಟ್ರಿಣ್. ಅಲ್ಲಿ, ಅವರ ಮೇಜಿನ ಮೇಲೆ, ಏನು ಕೇಳುತ್ತದೋ...

ಅದಕ್ಕೇ ನಾನು ಅವರಿಗೆ ಫೋನ್ ಮಾಡುವುದಿಲ್ಲ. ಕೇಳಲೇಬೇಕು ಅನ್ನಿಸಿದ ದಿನ ತೀರ್ಥಹಳ್ಳಿಯ ಬಸ್ಸು ಹತ್ತುತ್ತೇನೆ.